ಕೆಮ್ಮಿಲ್ಲದ ನಾಟಕ

ನಮ್ಮ ನಾಟಕದ ತಾಲೀಮಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ರಂಗದ ಮೇಲೆ ಯಾರೂ ಕೆಮ್ಮುವಂತಿಲ್ಲ. ಶಹಾಬಾದ್ ಸುತ್ತಲಿನ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಗಳಲ್ಲಿ, ಆ ಕಲ್ಲನ್ನು ಕೊಯ್ದು ಪಾಲಿಶ್ ಮಾಡುವ ಶೆಡ್ಡುಗಳಲ್ಲಿ ದುಡಿಯುವವರ ಬದುಕು ಮತ್ತು ಆರೋಗ್ಯವನ್ನು ಕುರಿತು, ಅವರೇ ಆಡಿದ ಮಾತುಗಳನ್ನೂ ಸರ್ಕಾರದ ಕಾಗದಪತ್ರಗಳನ್ನೂ ಮಾತ್ರ ಆಧಾರವಾಗಿಟ್ಟುಕೊಂಡು, ಕಲಬುರಗಿಯ ನಾವು ಕೆಲವರು ಗೆಳೆಯರು ಕಟ್ಟುತ್ತಿರುವ ದಾಖಲೆ ನಾಟಕವಿದು. ಧೂಳಿನ ಬಗೆಗಿನ ನಾಟಕದಲ್ಲಿ ಕೆಮ್ಮೇ ಇಲ್ಲವೆಂದರೆ ಹೇಗೆ ಎಂದು ಕೇಳಿದವರು ಬಹಳ ಮಂದಿ. ಅವರಿಗೆ ನಿಂತ ನಿಲುವಿನಲ್ಲಿ ಕೊಟ್ಟ ಉತ್ತರಗಳು ಅರ್ಧಂಬರ್ಧವಾಗಿದ್ದುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಟನೊಬ್ಬ ಎದೆ ಹಿಡಿದು, ಬಗ್ಗಿ ಕೆಮ್ಮಿದ ಕೂಡಲೇ ನೋಡುವವರ ಮನಸ್ಸು ಕರಗುತ್ತದೆ. ಹಾಗೆ ಕರಗಿದ ಮನಸ್ಸು ಔಷಧದ ಕಡೆಗೆ, ಆಸ್ಪತ್ರೆಯ ಕಡೆಗೆ, ಕೊನೆಗೆ ಹಣೆಬರಹದ ಕಡೆಗೆ ಹೊರಳುತ್ತದೆಯೇ ಹೊರತು ಧೂಳು ಎಲ್ಲಿಂದ ಎದ್ದಿತು, ಅದನ್ನು ಅಡಗಿಸಲು ನೀರು ಬಿಡಬೇಕಾಗಿದ್ದವರು ಯಾರು, ಬಿಡದಿದ್ದಾಗ ಕೇಳಬೇಕಾಗಿದ್ದವರು ಯಾರು ಎಂಬ ಪ್ರಶ್ನೆಗಳ ಕಡೆಗೆ ಹೋಗುವುದಿಲ್ಲ. ಇನ್ನೊಂದು ಕಾರಣವನ್ನು ತಿಳಿಸಿದವರು ಕಾರ್ಮಿಕರೇ. ಆರಂಭದ ತಾಲೀಮೊಂದನ್ನು ನೋಡಲು ಬಂದಿದ್ದ, ಆಯುಷ್ಯದ ಬಹುಪಾಲು ಚಾಣ ಹಿಡಿದು ಕಳೆದ ಹಿರಿಯರೊಬ್ಬರು, "ಕೆಲಸದ ಮ್ಯಾಗ ಇದ್ದಾಗ ಹಿಂಗ ಕೆಮ್ಮಂಗಿಲ್ರಿ ಸರ. ಕೆಮ್ಮಿದ್ರ ಮುಕಾದಮ ನಾಳಿ ಬರಬ್ಯಾಡ ಅಂತಾನ" ಎಂದರು. ಕೆಮ್ಮು ಬಂದಾಗ ಎದ್ದು ಹಿಂದಕ್ಕೆ ಹೋಗುವುದು, ನೀರು ಕುಡಿಯುವ ನೆಪ ಮಾಡುವುದು, ತಲೆಗೆ ಸುತ್ತಿದ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಳ್ಳುವುದು ಇವು ಅವರ ನಿತ್ಯದ ನಡೆ. ಬಚ್ಚಿಡುವುದೇ ವಾಸ್ತವವಾಗಿರುವಾಗ ತೋರಿಸುವುದು ಸುಳ್ಳಾಗುತ್ತದೆ. ದಾಖಲೆಯನ್ನು ನಂಬಿ ನಾಟಕ ಕಟ್ಟುವವರಿಗೆ ಅಂತಹ ಸುಳ್ಳಿನ ಸಲಿಗೆ ಇರುವುದಿಲ್ಲ.

ಹಾಗಾದರೆ ರಂಗದ ಮೇಲೆ ಏನಿದೆ? ಕೆಲಸವಿದೆ. ಪದರ ಪದರವಾಗಿ ಮಲಗಿರುವ ಬೂದುಬಣ್ಣದ ಸುಣ್ಣದ ಕಲ್ಲನ್ನು ಹಾರೆ, ಚಾಣ, ಸುತ್ತಿಗೆಗಳಿಂದ ಬಿಡಿಸುವುದು, ಬಿಡಿಸಿದ ಹಾಸನ್ನು ಇಬ್ಬರು ಎತ್ತಿ ಒಬ್ಬರ ಬೆನ್ನಿಗೆ ಹೊಂದಿಸುವುದು, ಅಂಚನ್ನು ಕೊಯ್ಯುವುದು, ಯಂತ್ರದ ಕೆಳಗಿಟ್ಟು ನುಣುಪು ಮಾಡುವುದು, ಲಾರಿಗೆ ಹೇರುವುದು. ಈ ಪ್ರತಿಯೊಂದು ಚಲನೆಯನ್ನೂ ಬಲ್ಲವರಿಂದ ಕಲಿತು, ಎಷ್ಟು ಹೊತ್ತು ಹಿಡಿಯುತ್ತದೆಯೋ ಅಷ್ಟೇ ಹೊತ್ತು ರಂಗದ ಮೇಲೆ ಮಾಡುತ್ತೇವೆ. ನಟರ ಸೊಂಟ ನಿಜವಾಗಿಯೂ ನೋಯುತ್ತದೆ, ಉಸಿರು ನಿಜವಾಗಿಯೂ ಏರುತ್ತದೆ. ಅದಕ್ಕಿಂತ ಹೆಚ್ಚಿನ ಅಭಿನಯ ನಮಗೆ ಬೇಕಿಲ್ಲ.

ನಮ್ಮ ಭಾಗದಲ್ಲಿ ಆರೋಗ್ಯದ ಕುರಿತು ಬೀದಿನಾಟಕವೆಂದರೆ ಇಲಾಖೆಗಳು ಹಣ ಕೊಟ್ಟು ಮಾಡಿಸುವ ಜಾಗೃತಿ ಕಾರ್ಯಕ್ರಮ ಎಂಬ ಭಾವನೆ ಬಲವಾಗಿ ಬೇರೂರಿದೆ. ಅವುಗಳಲ್ಲಿ ದುಡಿಯುವವನು ಸಾಮಾನ್ಯವಾಗಿ ತಿಳಿಗೇಡಿ. ಅವನು ಗುಟ್ಕಾ ತಿನ್ನುತ್ತಾನೆ, ಕುಡಿಯುತ್ತಾನೆ, ಮಾಸ್ಕ್ ಹಾಕಿಕೊಳ್ಳುವುದಿಲ್ಲ. ಬಿಳಿ ಕೋಟಿನ ಪಾತ್ರವೊಂದು ಬಂದು ಬುದ್ಧಿ ಹೇಳಿದ ಮೇಲೆ ಸರಿಹೋಗುತ್ತಾನೆ. ಹೊಟ್ಟೆಪಾಡಿಗಾಗಿ ಅಂತಹ ನಾಟಕಗಳನ್ನು ಆಡುವ ಕಲಾವಿದರ ಬಗ್ಗೆ ನನಗೆ ತಕರಾರಿಲ್ಲ, ಅವರಲ್ಲಿ ಕೆಲವರು ನಮ್ಮ ತಂಡದಲ್ಲೂ ಇದ್ದಾರೆ. ತಕರಾರಿರುವುದು ಆ ಕಥೆಯ ಲೆಕ್ಕಾಚಾರದ ಬಗ್ಗೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಧೂಳಿನ ಕಣಗಳು ಕೆಲವೇ ಮೈಕ್ರಾನ್ ಗಾತ್ರದವು, ಕಣ್ಣಿಗೆ ಕಾಣದಷ್ಟು ಸಣ್ಣವು. ಮುಖಕ್ಕೆ ಕಟ್ಟಿಕೊಂಡ ಬಟ್ಟೆ ಅವುಗಳನ್ನು ತಡೆಯುವುದಿಲ್ಲ. ತಡೆಯಬೇಕಾದರೆ ಕಲ್ಲನ್ನು ಒದ್ದೆಯಾಗಿಟ್ಟು ಕೊಯ್ಯಬೇಕು, ಧೂಳು ಹೀರುವ ಯಂತ್ರ ಬೇಕು, ಪಾಲಿಶ್ ಮಾಡಿದ ನೀರಿನ ಕೆಸರು ಒಣಗಿ ಮತ್ತೆ ಗಾಳಿಗೆ ಏಳದಂತೆ ಸಾಗಿಸಬೇಕು. ಇವೆಲ್ಲ ಹಣ ಖರ್ಚಾಗುವ ಕೆಲಸಗಳು, ದಿನಗೂಲಿಯವನ ಕೈಯಲ್ಲಿ ಇರುವಂಥವಲ್ಲ. ಖರ್ಚು ಮಾಡಬೇಕಾದವರನ್ನು ಬಿಟ್ಟು ಉಸಿರಾಡುವವನಿಗೆ ಬುದ್ಧಿ ಹೇಳುವ ನಾಟಕವೂ ರಾಜಕೀಯ ನಾಟಕವೇ; ಅದು ಯಾರ ಪಕ್ಷದಲ್ಲಿದೆ ಎಂಬುದನ್ನು ಹೇಳದೆ ಮುಚ್ಚಿಡುತ್ತದೆ, ಅಷ್ಟೇ.

ದಾಖಲೆಗಳನ್ನೇ ರಂಗಕ್ಕೆ ತರುವ ಪದ್ಧತಿಗೆ ನೂರು ವರ್ಷ ತುಂಬಿದೆ. 1925ರಲ್ಲಿ ಬರ್ಲಿನ್‌ನಲ್ಲಿ ಎರ್ವಿನ್ ಪಿಸ್ಕಾಟರ್ ಭಾಷಣಗಳು, ಪತ್ರಿಕೆಯ ತುಣುಕುಗಳು ಮತ್ತು ಮಹಾಯುದ್ಧದ ಚಿತ್ರಸುರುಳಿಗಳನ್ನು ಜೋಡಿಸಿ ನಾಟಕ ಆಡಿಸಿದನು. ಆರ್ಥಿಕ ಕುಸಿತದ ಕಾಲದಲ್ಲಿ, 1935ರಿಂದ, ಅಮೆರಿಕ ಸರ್ಕಾರ ನಿರುದ್ಯೋಗಿ ರಂಗಕರ್ಮಿಗಳಿಗೆ ಕೆಲಸ ಕೊಡಲು ಆರಂಭಿಸಿದ ಯೋಜನೆಯಲ್ಲಿ 'ಜೀವಂತ ಪತ್ರಿಕೆ' ಎಂಬ ಮಾದರಿಯ ನಾಟಕಗಳು ಬಂದವು. ಅಲ್ಲಿ ಪತ್ರಕರ್ತರು ಮಾಹಿತಿ ಸಂಗ್ರಹಿಸುತ್ತಿದ್ದರು, ನಾಟಕಕಾರರು ಅದನ್ನು ದೃಶ್ಯಗಳಾಗಿ ಕಟ್ಟುತ್ತಿದ್ದರು. ಬಡವರ ವಸತಿಯ ಮೇಲೆ ಒಂದು, ಸಿಫಿಲಿಸ್ ರೋಗದ ಮೇಲೆ ಇನ್ನೊಂದು 1938ರಲ್ಲಿ ರಂಗಕ್ಕೆ ಬಂದವು; ಮರುವರ್ಷವೇ ಅಲ್ಲಿನ ಸಂಸತ್ತು ಹಣ ನಿಲ್ಲಿಸಿ ಇಡೀ ಯೋಜನೆಯನ್ನು ಮುಚ್ಚಿಸಿತು. ನಾಜಿಗಳ ಔಷ್‌ವಿಟ್ಜ್ ಹತ್ಯಾ ಶಿಬಿರದ ಅಧಿಕಾರಿಗಳ ವಿಚಾರಣೆ ಫ್ರಾಂಕ್‌ಫರ್ಟ್‌ನಲ್ಲಿ ನಡೆದಾಗ ಅದನ್ನು ಕೂತು ಕೇಳಿದ ಪೀಟರ್ ವೈಸ್, 1965ರಲ್ಲಿ ಆ ಹೇಳಿಕೆಗಳಿಂದಲೇ ನಾಟಕ ಮಾಡಿದನು. ವಿಷಯವನ್ನು ಬದಲಿಸಬಾರದು, ಜೋಡಣೆಯನ್ನು ಮಾತ್ರ ಮಾಡಬೇಕು, ಆದರೆ ಪಕ್ಷ ವಹಿಸಲು ಹಿಂಜರಿಯಬಾರದು ಎಂಬುದು ಅವನ ನಿಲುವಿನ ಸಾರ. ನಮಗೆ ಇದು ಒಪ್ಪಿಗೆ.

ನಮ್ಮ ದೇಶದಲ್ಲಿ ಕಾರ್ಮಿಕರ ದೇಹವನ್ನೇ ರಂಗಭಾಷೆಯನ್ನಾಗಿ ಮಾಡಿದ ಉದಾಹರಣೆ ಎಂದರೆ ದೆಹಲಿಯ ಜನ ನಾಟ್ಯ ಮಂಚ್ 1978ರಲ್ಲಿ ಆಡಿದ 'ಮಷೀನ್'. ಸೈಕಲ್ ನಿಲ್ಲಿಸಲು ಜಾಗ, ಚಹಾ ಕುಡಿಯಲು ಒಂದು ಕ್ಯಾಂಟೀನು ಕೇಳಿದ ಕಾರ್ಖಾನೆ ಕಾರ್ಮಿಕರ ಮೇಲೆ ಗುಂಡು ಹಾರಿದ ಘಟನೆಯಿಂದ ಹುಟ್ಟಿದ ಆ ನಾಟಕದ ಅವಧಿ ಸುಮಾರು ಹದಿಮೂರು ನಿಮಿಷ. ನಟರೇ ಒಬ್ಬರಿಗೊಬ್ಬರು ಕೂಡಿಕೊಂಡು ಯಂತ್ರವಾಗುತ್ತಾರೆ, ಯಂತ್ರ ನಿಲ್ಲುತ್ತದೆ, ಏಕೆ ನಿಂತಿತು ಎಂಬುದೇ ನಾಟಕ. ಅದೇ ತಂಡದ ಸಫ್ದರ್ ಹಾಶ್ಮಿ ಅವರ ಮೇಲೆ 1989ರ ಜನವರಿ 1ರಂದು ಸಾಹಿಬಾಬಾದ್‌ನ ಕಾರ್ಮಿಕ ವಸತಿಯಲ್ಲಿ ನಾಟಕ ನಡೆಯುತ್ತಿದ್ದಾಗಲೇ ಹಲ್ಲೆಯಾಯಿತು, ಮರುದಿನ ಅವರು ತೀರಿಕೊಂಡರು. ರಾಮ್ ಬಹದ್ದೂರ್ ಎಂಬ ಕಾರ್ಮಿಕರೂ ಅಂದು ಬಲಿಯಾದರು. ಜನವರಿ 4ರಂದು ತಂಡ ಅದೇ ಜಾಗದಲ್ಲಿ ನಿಂತುಹೋಗಿದ್ದ ನಾಟಕವನ್ನು ಪೂರ್ತಿ ಮಾಡಿತು. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ಸಮುದಾಯ ತಂಡವು ಬಿಹಾರದ ಬೆಲ್ಚಿಯ ದಲಿತರ ಹತ್ಯೆಯನ್ನು ನಮ್ಮ ಊರುಗಳ ಬೀದಿಗೆ ತಂದಿತು. ವರದಿಯೊಂದು ನಾಟಕವಾಗುವುದನ್ನು ನನಗಿಂತ ಹಿಂದಿನ ತಲೆಮಾರು ಕಂಡಿದ್ದು ಹೀಗೆ.

ಆದರೆ ಈ ಹೆಸರುಗಳನ್ನು ಹೇಳಿದರೆ ಸಾಲದು, ಏಕೆಂದರೆ ಕಂಡದ್ದನ್ನು ಹಾಗೆಯೇ ಹಾಡಿ ಹೇಳುವ ರೂಢಿ ಈ ನೆಲದಲ್ಲಿ ಮೊದಲಿನಿಂದಲೂ ಇದೆ. ಮೊಹರಂನಲ್ಲಿ ಹಾಡುವ ರಿವಾಯತ ಪದಗಳಲ್ಲಿ ಕರ್ಬಲಾದ ಕಥೆಯ ಜೊತೆಗೆ ಊರಿಗೆ ಬಂದ ಬರ, ಬೇನೆ, ಕೊಲೆ, ಕಚೇರಿಯ ಅನ್ಯಾಯಗಳೂ ಬರುತ್ತವೆ. ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ಎರಡು ಮೇಳಗಳು ರಾತ್ರಿಯಿಡೀ ಸವಾಲು ಜವಾಬು ನಡೆಸುತ್ತವೆ, ಒಂದು ಗಂಡಿನ ಪಕ್ಷ ಹಿಡಿದರೆ ಇನ್ನೊಂದು ಹೆಣ್ಣಿನ ಪಕ್ಷ ಹಿಡಿಯುತ್ತದೆ. ಕಾನೂನಿನ ದೃಶ್ಯವನ್ನು ಹೇಗೆ ಮಾಡುವುದೆಂದು ತಿಳಿಯದೆ ಒದ್ದಾಡುತ್ತಿದ್ದ ನಮಗೆ ದಾರಿ ಸಿಕ್ಕಿದ್ದು ಈ ಹಾಡಿಕೆಯಿಂದ. ಕಚೇರಿಯವರು ಹರದೇಶಿಯ ಧಾಟಿಯಲ್ಲಿ ಕಲಮುಗಳನ್ನು ಹಾಡುತ್ತಾರೆ. ಖಣಿಯಲ್ಲಿ ಚಕ್ಕೆ ಆರಿಸುವ ಹೆಂಗಸರು ನಾಗೇಶಿಯ ಧಾಟಿಯಲ್ಲಿ ತಿರುಗಿ ಕೇಳುತ್ತಾರೆ. ಕಲಮಿನ ಒಂದು ಅಕ್ಷರವನ್ನೂ ನಾವು ಬದಲಿಸಿಲ್ಲ. ಹಾಡಿಗೆ ಕೂರಿಸಲು ಕಷ್ಟವಾದರೂ, ಕೂತ ಮೇಲೆ ಅದರ ಕಠೋರತೆ ಕಿವಿಗೆ ಚೆನ್ನಾಗಿ ಮುಟ್ಟುತ್ತದೆ.

ಆ ದೃಶ್ಯದಲ್ಲಿ ನಾಲ್ವರು ನಟರು ನಿಜವಾದ ಪರ್ಸಿ ಕಲ್ಲಿನ ಹಾಸೊಂದನ್ನು ಹೊತ್ತು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಾರೆ. ಕಲ್ಲು ಒಂದೇ, ಅದನ್ನು ಮುಟ್ಟಿದವರ ಧೂಳೂ ಒಂದೇ, ಅನ್ವಯಿಸುತ್ತಿದ್ದ ಕಾನೂನು ಮಾತ್ರ ಮೂರು. ನೆಲದಿಂದ ಬಿಡಿಸುವವರೆಗೆ ಅದು ಗಣಿ, ಆದ್ದರಿಂದ 1952ರ ಗಣಿ ಕಾಯ್ದೆ. ಶೆಡ್ಡಿಗೆ ಬಂದ ಮೇಲೆ ಅದು ಕಾರ್ಖಾನೆ, ಆದ್ದರಿಂದ 1948ರ ಕಾರ್ಖಾನೆ ಕಾಯ್ದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಮನೆಯೊಂದರ ನೆಲಕ್ಕೆ ಹಾಸುವಾಗ ಅದು ಕಟ್ಟಡ ನಿರ್ಮಾಣ, ಆದ್ದರಿಂದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ. ನಮ್ಮೂರಿನ ಒಬ್ಬನೇ ಮನುಷ್ಯ ಬೇಸಿಗೆಯಲ್ಲಿ ಗುಳೆ ಹೋಗಿ ಕಲ್ಲು ಹಾಸುತ್ತಾನೆ, ಮಳೆಗಾಲ ಮುಗಿದ ಮೇಲೆ ಊರಿಗೆ ಬಂದು ಖಣಿಗೆ ಇಳಿಯುತ್ತಾನೆ, ನಡುವೆ ಪಾಲಿಶ್ ಶೆಡ್ಡಿನಲ್ಲೂ ನಿಲ್ಲುತ್ತಾನೆ. ಅವನ ಎದೆ ಒಂದೇ ಆದರೂ ಅವನ ದುಡಿಮೆಯ ವರ್ಷಗಳು ಮೂರು ಕಪಾಟುಗಳಲ್ಲಿ ಹಂಚಿಹೋಗುತ್ತವೆ.

ಒಂದೊಂದು ಕಪಾಟಿಗೂ ಒಂದೊಂದು ಕಿಂಡಿ ಇತ್ತು. ಗಣಿ ಕಾಯ್ದೆಯ 3ನೇ ಕಲಮಿನ ಪ್ರಕಾರ, ಕಟ್ಟಡದ ಕಲ್ಲು, ಸುಣ್ಣದ ಕಲ್ಲು ಮುಂತಾದವನ್ನು ತೆಗೆಯುವ ತೆರೆದ ಖಣಿಯ ಆಳ ಎಲ್ಲಿಯೂ ಆರು ಮೀಟರ್ ಮೀರದಿದ್ದರೆ, ಯಾವ ದಿನವೂ ಐವತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡದಿದ್ದರೆ ಮತ್ತು ಸಿಡಿಮದ್ದು ಬಳಸದಿದ್ದರೆ, ಕಾಯ್ದೆಯ ಹೆಚ್ಚಿನ ಭಾಗ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ನಮ್ಮ ಪರ್ಸಿ ಕಲ್ಲು ಪದರವಾಗಿ ಬಿಡುವ ಕಲ್ಲಾದ್ದರಿಂದ ಕೈಯಿಂದಲೇ ತೆಗೆಯಬಹುದು, ಮದ್ದು ಬೇಕಾಗುವುದಿಲ್ಲ. ಸಣ್ಣ ಖಣಿಗಳಿಗೆ ಈ ವಿನಾಯಿತಿ ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂರುತ್ತಿತ್ತು. ಕಾರ್ಖಾನೆ ಕಾಯ್ದೆಗೆ ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಜನ ಬೇಕಿತ್ತು. ಹಾಜರಿ ಪುಸ್ತಕದಲ್ಲಿ ಅಷ್ಟು ಹೆಸರು ಕಾಣದಿದ್ದರೆ ಶೆಡ್ಡು ಕಾರ್ಖಾನೆಯೇ ಅಲ್ಲ. ಈ ಕಾಯ್ದೆಗಳ ಜಾಗಕ್ಕೆಂದು 2020ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಹತ್ತು ಇಪ್ಪತ್ತಾಗಿದೆ. ನಮಗೆ ಮಾತು ಕೊಟ್ಟವರ ದುಡಿಮೆಯ ವರ್ಷಗಳು ಹೆಚ್ಚಾಗಿ ಹಳೆಯ ಕಾಯ್ದೆಗಳ ಕಾಲದವಾದ್ದರಿಂದ ನಾಟಕದಲ್ಲಿ ಹಳೆಯ ಕಲಮುಗಳನ್ನೇ ಹಾಡುತ್ತೇವೆ, ಹೊಸ ಮಿತಿಯನ್ನು ಕೊನೆಯ ಚರಣಕ್ಕೆ ಸೇರಿಸಿದ್ದೇವೆ. ಇನ್ನು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಗಣಿ ಕಾಯ್ದೆಯೋ ಕಾರ್ಖಾನೆ ಕಾಯ್ದೆಯೋ ಅನ್ವಯಿಸುತ್ತಿದ್ದ ಕೆಲಸ ಅದರಲ್ಲಿ ಸೇರುತ್ತಿರಲಿಲ್ಲ. ಆ 90 ದಿನಗಳಿಗೆ ಸಹಿ ಹಾಕಬೇಕಾದ ಗುತ್ತೇದಾರ ಅಷ್ಟು ಹೊತ್ತಿಗೆ ಇನ್ನೊಂದು ಊರಿನಲ್ಲಿರುತ್ತಾನೆ.

ಕಲಬುರಗಿಯ ಸೇಡಂ ರಸ್ತೆಯಲ್ಲಿ ಹಾದುಹೋಗುವವರೆಲ್ಲ ಕಾರ್ಮಿಕರ ರಾಜ್ಯ ವಿಮೆಯ ದೊಡ್ಡ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜಿನ ಕಟ್ಟಡಗಳನ್ನು ನೋಡಿರುತ್ತಾರೆ. ಕಾಯಿಲೆಯ ದಿನಗಳ ಪರಿಹಾರ, ಅಂಗವೈಕಲ್ಯದ ಪಿಂಚಣಿ ಮುಂತಾದ ವಿಮೆಯ ಹಕ್ಕುಗಳು ಸಿಗಬೇಕಾದರೆ ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯ ನೌಕರನಾಗಿರಬೇಕು, ಮಾಸಿಕ ವೇತನ 21,000 ರೂಪಾಯಿಯ ಒಳಗಿರಬೇಕು. ನಮ್ಮ ಕಲ್ಲಿನವರು ಎರಡನೆಯ ಷರತ್ತನ್ನು ಸುಲಭವಾಗಿ ದಾಟುತ್ತಾರೆ, ಮೊದಲನೆಯದರಲ್ಲಿ ಎಡವುತ್ತಾರೆ. ಇದನ್ನು ನಾವು ರಂಗದ ಮೇಲೆ ಹೇಳುವುದು ಒಂದೇ ಸಾಲಿನಲ್ಲಿ, ಯಾವ ಟೀಕೆಯನ್ನೂ ಸೇರಿಸದೆ. ಕಲಬುರಗಿಯಲ್ಲಿ ಆಡಿದಾಗ ಆ ಸಾಲಿಗೆ ಬರುವ ನಗು ಸ್ವಲ್ಪ ಕಹಿಯಾಗಿರುತ್ತದೆ.

ನಾಟಕದ ನಡುವಿನ ದೊಡ್ಡ ದೃಶ್ಯ ಆಸ್ಪತ್ರೆಯ ಹೊರರೋಗಿ ಚೀಟಿಯದು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲಿ ಕಸುಬುಗಳ ಕಾಯಿಲೆಗಳ ಮೇಲೆ ಬರೆದಾಗ, ವೈದ್ಯರು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕೆಂದು ಹೇಳಿದ್ದನು: ನೀನು ಏನು ಕೆಲಸ ಮಾಡುತ್ತೀ? ಕಲ್ಲುಕುಟಿಗರ ಉಸಿರಾಟದ ತೊಂದರೆಯನ್ನೂ ಅವನು ಅದೇ ಗ್ರಂಥದಲ್ಲಿ ವಿವರಿಸಿದ್ದಾನೆ. ಮುನ್ನೂರು ವರ್ಷ ದಾಟಿದ ಮೇಲೂ, ಕಾರ್ಮಿಕರು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಕಟ್ಟಿಟ್ಟು ನಮಗೆ ತೋರಿಸಿದ ಚೀಟಿಗಳಲ್ಲಿ ಹೆಸರು, ವಯಸ್ಸು, ಊರು, ಫೋನ್ ನಂಬರು ಎಲ್ಲವೂ ಇದ್ದವು. ಉದ್ಯೋಗದ ಕಾಲಮು ಕೆಲವು ಚೀಟಿಗಳಲ್ಲಿ ಇರಲಿಲ್ಲ, ಇದ್ದಲ್ಲಿ 'ಕೂಲಿ' ಎಂದಿತ್ತು. ಹೊಲದ ಕೂಲಿಯೋ, ಖಣಿಯ ಕೂಲಿಯೋ, ಹತ್ತಿ ಜಿನ್ನಿನ ಕೂಲಿಯೋ, ಸಿಮೆಂಟು ಮೂಟೆ ಇಳಿಸುವ ಕೂಲಿಯೋ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಹೊರರೋಗಿ ವಿಭಾಗದಲ್ಲಿ ಒಬ್ಬ ವೈದ್ಯರ ಮುಂದೆ ಬಾಗಿಲಾಚೆಯವರೆಗೆ ಸಾಲು ನಿಂತಿರುವಾಗ ಆ ಪ್ರಶ್ನೆಗೆ ಪುರುಸೊತ್ತು ಎಲ್ಲಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ, ಆದ್ದರಿಂದ ನಾಟಕದಲ್ಲಿ ವೈದ್ಯರು ಖಳರಲ್ಲ, ಸಾಲಿನ ಉದ್ದವೂ ಒಂದು ಪಾತ್ರ.

ಚೀಟಿಯ ಆ ಒಂದು ಕಾಲಮು ಖಾಲಿ ಉಳಿದರೆ ಏನಾಗುತ್ತದೆ ಎಂಬುದನ್ನು ದೃಶ್ಯವು ಹಂತಹಂತವಾಗಿ ತೋರಿಸುತ್ತದೆ. ಕಲ್ಲು, ಮರಳುಗಳಲ್ಲಿರುವ ಸಿಲಿಕಾ ಎಂಬ ಖನಿಜದ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್, ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣಬಹುದು. ಮೇಲಾಗಿ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು, ಎರಡೂ ಕೂಡಿಯೇ ಇರಬಹುದು. ಕೆಲಸ ಯಾವುದೆಂದು ಕೇಳದಿದ್ದಾಗ ಕ್ಷಯವೆಂದು ಚಿಕಿತ್ಸೆ ಆರಂಭವಾಗುತ್ತದೆ, ತಿಂಗಳುಗಟ್ಟಲೆ ಮಾತ್ರೆ ಮುಗಿದ ಮೇಲೂ ದಮ್ಮು ಹೋಗುವುದಿಲ್ಲ. ಸಿಲಿಕೋಸಿಸ್ ಧೂಳಿನಿಂದ ದೂರವಾದ ಮೇಲೂ ಬೆಳೆಯಬಹುದಾದ ಕಾಯಿಲೆ, ಅದನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಕ್ಷಯವಾದರೆ ಅದು ಸೋಂಕು, ಯಾರಿಂದಲೋ ಬಂದದ್ದು. ಸಿಲಿಕೋಸಿಸ್ ಆದರೆ ಅದು ಕೆಲಸದಿಂದ ಬಂದದ್ದು, ಕೆಲಸ ಕೊಟ್ಟವರು ಉತ್ತರ ಹೇಳಬೇಕಾದದ್ದು. ಕಾರ್ಖಾನೆ ಕಾಯ್ದೆಯಲ್ಲಿ, ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಾದ ಮೂರನೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಇತ್ತು. ಅದರ 89ನೇ ಕಲಮಿನಂತೆ, ಅಂತಹ ಕಾಯಿಲೆಯಿದೆ ಎಂದು ಕಂಡ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ಲಿಖಿತ ವರದಿ ಕಳಿಸಬೇಕಿತ್ತು, ಕಳಿಸದಿದ್ದರೆ ಒಂದು ಸಾವಿರ ರೂಪಾಯಿಯವರೆಗೆ ದಂಡವಿತ್ತು. ರೋಗಿ ಕಾರ್ಖಾನೆಯಲ್ಲಿ ದುಡಿಯುವವನಾಗಿದ್ದರೆ ಮಾತ್ರ ಎಂಬುದನ್ನು ಮರೆಯಬಾರದು. ಇಲ್ಲಿಗೆ ಬಂದಾಗ ಕಲ್ಲಿನ ಹಾಸು ಹೊತ್ತ ನಾಲ್ವರು ಮತ್ತೆ ಬರುತ್ತಾರೆ, ಏಕೆಂದರೆ ಅವರು ಕಾರ್ಖಾನೆಯವರೋ ಅಲ್ಲವೋ ಎಂಬುದು ಹಿಂದಿನ ದೃಶ್ಯದಲ್ಲಿ ಇನ್ನೂ ಇತ್ಯರ್ಥವಾಗಿರುವುದಿಲ್ಲ. ರಾಜಸ್ಥಾನ ಸರ್ಕಾರ 2019ರಲ್ಲಿ ಇಂತಹ ಧೂಳಿನ ಕಾಯಿಲೆಗಳಿಗೆಂದೇ ನೀತಿಯೊಂದನ್ನು ರೂಪಿಸಿ, ಕಾಯಿಲೆ ದೃಢಪಟ್ಟವರಿಗೆ ಮೂರು ಲಕ್ಷ, ತೀರಿಕೊಂಡರೆ ಕುಟುಂಬಕ್ಕೆ ಎರಡು ಲಕ್ಷ ರೂಪಾಯಿ ಕೊಡುವುದೆಂದು ಗೊತ್ತುಮಾಡಿತು. ಆ ನೀತಿಯ ಸಾಲುಗಳನ್ನು ನಾಟಕದಲ್ಲಿ ಓದಿ, ಮುಂದೆ ಹೋಗುತ್ತೇವೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು, ಏಕೆಂದರೆ ಹೋರಾಟದ ಗೆಳೆಯರು ಇದರಿಂದ ನಮ್ಮ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾರೆ. ಶಹಾಬಾದಿನದು ಸುಣ್ಣದ ಕಲ್ಲು. ಮರಳುಗಲ್ಲು, ಗ್ರಾನೈಟುಗಳಲ್ಲಿ ಇರುವಷ್ಟು ಸಿಲಿಕಾ ಸುಣ್ಣದ ಕಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ನಮ್ಮ ಖಣಿಗಳಲ್ಲಿ ಕೆಮ್ಮುವ ಎಲ್ಲರಿಗೂ ಸಿಲಿಕೋಸಿಸ್ ಇದೆ ಎಂದು ರಂಗದ ಮೇಲೆ ಸಾರುವುದು ಸರಿಯಲ್ಲ. ಧೂಳು ಯಾವುದೇ ಆಗಲಿ ಶ್ವಾಸನಾಳವನ್ನು ಕೆರಳಿಸುತ್ತದೆ, ದೀರ್ಘಕಾಲದ ಕೆಮ್ಮು ಮತ್ತು ಉಬ್ಬಸಕ್ಕೆ ದಾರಿ ಮಾಡುತ್ತದೆ. ಯಾದಗಿರಿ ಕಡೆಯ ಗ್ರಾನೈಟ್ ಕ್ರಷರುಗಳಲ್ಲಿ, ಮಹಾನಗರಗಳ ಕಟ್ಟಡಗಳಲ್ಲಿ ದುಡಿದು ಬಂದವರಿಗೆ ಸಿಲಿಕಾದ ಅಪಾಯ ನಿಜವಾಗಿಯೂ ಹೆಚ್ಚು. ಯಾರಿಗೆ ಯಾವ ಕಾಯಿಲೆ ಎಂಬುದನ್ನು ಪರೀಕ್ಷೆ ಹೇಳಬೇಕು, ನಾಟಕ ಹೇಳಬಾರದು. ನಾಟಕ ಕೇಳಬಹುದಾದದ್ದು ಆ ಪರೀಕ್ಷೆ ಏಕೆ ಆಗಲಿಲ್ಲ ಎಂಬುದನ್ನು. ಘೋಷಣೆಗೆ ಬೇಕಾದ ಖಚಿತತೆ ಇದರಲ್ಲಿ ಸಿಗುವುದಿಲ್ಲ ಎಂದು ಗೆಳೆಯರು ಹೇಳುವುದು ನಿಜ. ಆದರೆ ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ಉಳಿದ ಹತ್ತು ಸತ್ಯಗಳನ್ನೂ ತಳ್ಳಿಹಾಕಲು ಕಾಯುತ್ತಿರುವವರು ಇದ್ದಾರೆ ಎಂಬುದೂ ಅಷ್ಟೇ ನಿಜ.

ಬಿಸಿಲಿನ ದೃಶ್ಯ ಚಿಕ್ಕದು, ಎಲ್ಲರಿಗೂ ಹೆಚ್ಚು ನೆನಪಿನಲ್ಲಿ ಉಳಿಯುವುದು ಅದೇ. ಪ್ರತಿವರ್ಷ ಏಪ್ರಿಲ್ ಮತ್ತು ಮೇ ತಿಂಗಳಿಗೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಆದೇಶ ಹೊರಡುತ್ತದೆ. ನಟಿಯೊಬ್ಬಳು ಆ ಆದೇಶವನ್ನು ಶಿರೋನಾಮೆಯಿಂದ ಸಹಿಯವರೆಗೆ ಓದುತ್ತಾಳೆ. ಅವಳ ಹಿಂದೆ, ಅದೇ ವಿಭಾಗದ ಅದೇ ಬಿಸಿಲಿನಲ್ಲಿ, ಮಧ್ಯಾಹ್ನ 1.30ರ ನಂತರವೂ ಕಲ್ಲು ಎತ್ತುವುದು ನಡೆದೇ ಇರುತ್ತದೆ. ಆದೇಶ ಬೇಡವೆಂದು ನಾವು ಹೇಳುತ್ತಿಲ್ಲ, ಗುಮಾಸ್ತರ ಮೈಯೂ ಮೈಯೇ. ಬಿಸಿಲು ಅಪಾಯಕಾರಿ ಎಂದು ಸರ್ಕಾರಕ್ಕೆ ಗೊತ್ತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ನಮಗೆ ಸಿಕ್ಕಲಿಲ್ಲ.

ಮಾತು ಕೊಟ್ಟವರ ರಕ್ಷಣೆಯ ಪ್ರಶ್ನೆ ನಮ್ಮನ್ನು ಬಹಳ ಕಾಡಿದೆ. ಮುಂಗಡ ಪಡೆದವರು ಮಾತಾಡಲು ಹೆದರುತ್ತಾರೆ, ಹೆದರುವುದಕ್ಕೆ ಕಾರಣವೂ ಇದೆ. ಆದ್ದರಿಂದ ಹೆಸರು, ಊರು, ಖಣಿಯ ಗುರುತು ಎಲ್ಲವನ್ನೂ ತೆಗೆದಿದ್ದೇವೆ. ಆದರೆ ಮೂವರ ಮಾತನ್ನು ಒಬ್ಬ ಪಾತ್ರದ ಬಾಯಲ್ಲಿ ಹಾಕಿಲ್ಲ. ಹಾಗೆ ಮಾಡಿದರೆ ದೃಶ್ಯ ಗಟ್ಟಿಯಾಗುತ್ತದೆ ಎಂದು ತಂಡದಲ್ಲಿ ಕೆಲವರು ವಾದಿಸಿದರು. ಮೂರು ಜನರ ಕಷ್ಟವನ್ನು ಒಬ್ಬನ ಮೇಲೆ ಹೇರಿದಾಗ ಅವನು ನೋಡುವವರಿಗೆ ಕಥೆಯ ನಾಯಕನಾಗುತ್ತಾನೆ, ನಮಗೆ ಬೇಕಾದದ್ದು ನಾಯಕನಲ್ಲ. ಸಣ್ಣ ಖಣಿಯ ಮಾಲೀಕರೊಬ್ಬರ ಮಾತೂ ನಾಟಕದಲ್ಲಿದೆ. ರಾಜಧನ, ಡೀಸೆಲ್, ಸಾಗಾಣಿಕೆ, ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ಕುಸಿದ ಬೇಡಿಕೆ ಎಲ್ಲವನ್ನೂ ಅವರು ಲೆಕ್ಕ ಹಾಕಿ ಹೇಳುತ್ತಾರೆ, ಬೇಸಿಗೆಯಲ್ಲಿ ಕುಡಿಯುವುದಕ್ಕೇ ನೀರಿಲ್ಲದಾಗ ಕಲ್ಲಿಗೆ ಎಲ್ಲಿಂದ ತರಲಿ ಎಂದು ಕೇಳುತ್ತಾರೆ. ಆ ಲೆಕ್ಕದಲ್ಲಿ ಸುಳ್ಳಿಲ್ಲ. ಅದರಲ್ಲಿ ಎಲ್ಲ ಖರ್ಚಿಗೂ ಒಂದು ಸಾಲಿದೆ, ಧೂಳು ತಡೆಯುವುದಕ್ಕೆ ಮಾತ್ರ ಇಲ್ಲ ಎಂಬುದನ್ನು ಪ್ರೇಕ್ಷಕರೇ ಗಮನಿಸಲಿ ಎಂದು ಬಿಟ್ಟಿದ್ದೇವೆ.

ನಗರದ ಎಸ್.ಎಂ. ಪಂಡಿತ ರಂಗಮಂದಿರದಂತಹ ಕಡೆ ನಾಟಕ ನೋಡಲು ಬರುವವರಿಗೂ ಖಣಿಯ ಹತ್ತಿರದ ಬಯಲಿನಲ್ಲಿ ಚಾಪೆ ಹಾಸಿ ಕೂರುವವರಿಗೂ ಇದು ಒಂದೇ ನಾಟಕವಲ್ಲ. ನಗರದ ಪ್ರೇಕ್ಷಕರು ಕೊನೆಯಲ್ಲಿ ನಾವೇನು ಮಾಡಬಹುದು ಎಂದು ಕೇಳುತ್ತಾರೆ. ಬಯಲಿನಲ್ಲಿ ಕೂತವರು ತಪ್ಪು ತಿದ್ದುತ್ತಾರೆ. ಸುತ್ತಿಗೆ ಹಿಡಿದದ್ದು ಸರಿಯಿಲ್ಲ, ಆ ಕಲ್ಲಿಗೆ ಇಬ್ಬರು ಸಾಲುವುದಿಲ್ಲ, ವಾರದ ಪಗಾರದಲ್ಲಿ ಮುಂಗಡ ಹಿಡಿದುಕೊಂಡ ಲೆಕ್ಕ ಹಾಗಲ್ಲ ಹೀಗೆ, ಎಂದು ನಡುವೆಯೇ ಎದ್ದು ಹೇಳುತ್ತಾರೆ. ನಾಟಕ ನಿಲ್ಲುತ್ತದೆ, ತಿದ್ದಿಕೊಂಡು ಮುಂದುವರಿಯುತ್ತದೆ. ಎಳ್ಳ ಅಮಾವಾಸ್ಯೆಗೆ, ಮೊಹರಂಗೆ ಗುಳೆ ಹೋದವರು ಊರಿಗೆ ಮರಳುವುದರಿಂದ ಆ ದಿನಗಳ ಆಸುಪಾಸಿನ ಪ್ರದರ್ಶನಗಳಲ್ಲಿ ಇಂತಹ ತಿದ್ದುಪಡಿಗಳು ಇನ್ನೂ ಹೆಚ್ಚು. ಹತ್ತಿ ಜಿನ್ನಿನಲ್ಲಿ ಕೆಲಸ ಮಾಡುವ ಶಹಾಪುರ ಕಡೆಯ ಅಕ್ಕ ಒಬ್ಬರು, ರಜೆಯ ಮರುದಿನ ಕೆಲಸಕ್ಕೆ ಹೋದಾಗಲೇ ಎದೆ ಹೆಚ್ಚು ಬಿಗಿಯುತ್ತದೆ, ವಾರ ಕಳೆದಂತೆ ಸಡಿಲಾಗುತ್ತದೆ ಎಂದು ಸುಮ್ಮನೆ ಮಾತಿಗೆ ಹೇಳಿದರು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆಯ ಮುಖ್ಯ ಲಕ್ಷಣವೇ ಅದು, ವೈದ್ಯಕೀಯ ಪುಸ್ತಕಗಳು ಅದನ್ನು ಸೋಮವಾರದ ಕಾಯಿಲೆ ಎನ್ನುತ್ತವೆ. ಎಂ.ಎಸ್.ಕೆ. ಮಿಲ್ಲಿನ ಬಟ್ಟೆಯ ಕಾಲವನ್ನು ಕಂಡ ಈ ಊರಿನಲ್ಲಿ ಎಷ್ಟು ಜನರ ಸೋಮವಾರಗಳು ಹಾಗೆ ಕಳೆದಿರಬಹುದು ಎಂದು ಯಾರೂ ಕೇಳಿದಂತಿಲ್ಲ.

ಇತ್ತೀಚಿನ ಪ್ರದರ್ಶನಗಳಲ್ಲಿ ನಾಟಕ ಮುಗಿದ ಮೇಲೆ ಒಂದು ಮೇಜು ಹಾಕುತ್ತೇವೆ. ಬಂದವರಲ್ಲಿ ಇಷ್ಟವಿದ್ದವರು ತಮ್ಮ ದುಡಿಮೆಯ ಚರಿತ್ರೆಯನ್ನು ಒಂದು ಹಾಳೆಯಲ್ಲಿ ಬರೆಸುತ್ತಾರೆ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ಯಾವ ಕಲ್ಲು, ಒಣಗಿಸಿ ಕೊಯ್ದದ್ದೋ ಒದ್ದೆ ಮಾಡಿ ಕೊಯ್ದದ್ದೋ, ದಿನಕ್ಕೆ ಎಷ್ಟು ತಾಸು. ಹಾಳೆ ಅವರದೇ, ನಮ್ಮಲ್ಲಿ ಪ್ರತಿ ಇಟ್ಟುಕೊಳ್ಳುವುದಿಲ್ಲ. ದವಾಖಾನೆಗೆ ಹೋದಾಗ ಹೊರರೋಗಿ ಚೀಟಿಯ ಜೊತೆ ಪಿನ್ನು ಮಾಡಿ ವೈದ್ಯರ ಮುಂದಿಡಿ ಎನ್ನುತ್ತೇವೆ. ಕೆಲವು ವೈದ್ಯರು ಅದನ್ನು ಓದಿ ಇನ್ನೆರಡು ಪ್ರಶ್ನೆ ಕೇಳಿದರೆಂದು ಕೇಳಿದ್ದೇವೆ, ಕೆಲವರು ಪಕ್ಕಕ್ಕಿಟ್ಟರೆಂದೂ ಕೇಳಿದ್ದೇವೆ. ಹೆಂಗಸರ ವಿಷಯದಲ್ಲಿ ಈ ಹಾಳೆ ಸಾಲದಾಗಿದೆ. ಖಣಿಯಲ್ಲಿ ಚಕ್ಕೆ ಆರಿಸಿದ್ದು, ಸುಗ್ಗಿಯಲ್ಲಿ ತೊಗರಿ ಕೊಯ್ದದ್ದು, ದಾಲ್ ಮಿಲ್ಲಿನಲ್ಲಿ ಕಾಳು ಹಸನು ಮಾಡಿದ್ದು, ನಡುವೆ ಮನೆಯ ಸೌದೆ ಒಲೆಯ ಹೊಗೆ ಎಲ್ಲವೂ ಒಂದೇ ವರ್ಷದಲ್ಲಿ ಬರುತ್ತವೆ, ಅವನ್ನು ವರ್ಷದ ಲೆಕ್ಕದಲ್ಲಿ ಬರೆಯಲಾಗುವುದಿಲ್ಲ. ತಿಂಗಳ ಲೆಕ್ಕದಲ್ಲಿ ಬರೆಯುವ ಬೇರೆ ಹಾಳೆಯೊಂದನ್ನು ತಯಾರಿಸುತ್ತಿದ್ದೇವೆ, ಮುಂದಿನ ನಾಟಕ ಅದರಿಂದಲೇ ಹೊರಡಬೇಕೆಂಬ ಆಸೆಯಿದೆ. ದಾಲ್ ಮಿಲ್ಲೊಂದರವರು ಒಳಗೆ ಬಂದು ನೋಡಲು ಒಪ್ಪಿದ್ದಾರೆ, ಆದರೆ ಯಂತ್ರಗಳು ನಿಂತಿರುವ ತಿಂಗಳಲ್ಲಿ ಬನ್ನಿ ಎನ್ನುತ್ತಾರೆ. ಹೊಸ ತೊಗರಿ ಮಾರುಕಟ್ಟೆಗೆ ಬಂದು ಮಿಲ್ಲುಗಳು ಹಗಲು ರಾತ್ರಿ ಓಡುವ ಕಾಲದಲ್ಲಿಯೇ ಬರುತ್ತೇವೆ ಎಂದು ಬರೆದು ಕೊಟ್ಟಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.